ಕೊಳಗ, ಪಹಣಿ, ಬ್ಯಾಣ: ಮೂರು ತಾಲೂಕುಗಳ ವಕೀಲ-ಬೇಸಾಯಗಾರನ ಬಗ್ಗೆ ಒಂದು ಟಿಪ್ಪಣಿ

ಕರ್ನಾಟಕ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ತಿದ್ದುಪಡಿ ಬಂದಾಗ 48ನೆಯ ಕಲಮಿನ 8ನೆಯ ಉಪಕಲಮಿನಲ್ಲಿ ಒಂದು ಸಣ್ಣ ಮಾತು ಸೇರಿಕೊಂಡಿತು. ಭೂನ್ಯಾಯಮಂಡಳಿಯ ಮುಂದೆ ನಡೆಯುವ ಯಾವ ವಿಚಾರಣೆಗೂ ವಕೀಲರು ಹಾಜರಾಗಬಾರದು ಎಂಬುದು ಅದರ ಸಾರ. ಗೇಣಿ ಹೋರಾಟದ ಬಗ್ಗೆ ನಮ್ಮಲ್ಲಿ ಬಂದಿರುವ ಬರಹಗಳಲ್ಲಿ ಈ ಉಪಕಲಮಿನ ಪ್ರಸ್ತಾಪ ಅಪರೂಪ. ಸತ್ಯಾಗ್ರಹ, ಜೈಲು, ಭಾಷಣ, ಚುನಾವಣೆಗಳ ನಡುವೆ ಅದು ಕಣ್ಣಿಗೆ ಬೀಳುವುದೂ ಕಷ್ಟ. ಆದರೆ ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಭೂಮಿಯ ಚರಿತ್ರೆಯನ್ನು ನಾನು ಓದಲು ಹೊರಟಾಗ ಬಾಗಿಲು ತೆರೆದದ್ದು ಇದೇ ಸಾಲು. ಈ ಕಾನೂನಿನ ಹಿಂದೆ ದುಡಿದವರಲ್ಲಿ ವಕೀಲಿ ಓದಿದ ಹಳ್ಳಿಗರು ಕಡಿಮೆಯಿಲ್ಲ. ಹಾಗಿದ್ದೂ ಕಾನೂನು ವಕೀಲರನ್ನು ಹೊರಗೇ ನಿಲ್ಲಿಸಿತು. ಯಾಕೆ?

ಮಲೆನಾಡಿನಲ್ಲಿ ವಕೀಲ ಎಂದರೆ ಬರೀ ವಕೀಲನಲ್ಲ. ಅವನಿಗೆ ಊರಲ್ಲಿ ಗದ್ದೆಯಿರುತ್ತದೆ, ಅಡಿಕೆ ತೋಟವಿರುತ್ತದೆ, ಕೊಟ್ಟಿಗೆಯಲ್ಲಿ ದನಗಳಿರುತ್ತವೆ. ಕೋರ್ಟಿಗೆ ರಜೆ ಬಂದರೆ ಊರಿಗೆ ಹೋಗಿ ಕೊನೆಕೊಯ್ಲು ನೋಡಿಕೊಳ್ಳುತ್ತಾನೆ. ಕಕ್ಷಿದಾರ ಫೀಸಿನ ಜೊತೆಗೆ ಬಾಳೆಗೊನೆಯನ್ನೂ ತಂದಿಡುತ್ತಾನೆ. ಈ ಎರಡು ಬದುಕುಗಳು ಒಂದೇ ಮೈಯಲ್ಲಿದ್ದಾಗ ಕಾನೂನಿಗೆ ಒಂದು ಪ್ರಶ್ನೆ ಏಳುತ್ತದೆ. ಕರಿಕೋಟು ಹಾಕಿಕೊಂಡವನು ರೈತನೋ ಅಲ್ಲವೋ?

ಉತ್ತರ ಕಾಯ್ದೆಯ 2ನೆಯ ಕಲಮಿನ 11ನೆಯ ವ್ಯಾಖ್ಯೆಯಲ್ಲಿದೆ. 'ಸ್ವಂತ ಸಾಗುವಳಿ' ಎಂದರೆ ತಾನೇ ದುಡಿಯುವುದು, ಮನೆಯವರು ದುಡಿಯುವುದು, ಇಲ್ಲವೇ ಸಂಬಳದ ಆಳುಗಳಿಂದ ತನ್ನ ಅಥವಾ ಮನೆಯವರ ಮೇಲ್ವಿಚಾರಣೆಯಲ್ಲಿ ಮಾಡಿಸುವುದು. ಆಳಿಗೆ ಕೂಲಿಯನ್ನು ಹಣವಾಗಿಯೋ ಕಾಳಾಗಿಯೋ ಕೊಡಬಹುದು. ಬೆಳೆಯಲ್ಲಿ ಪಾಲು ಮಾತ್ರ ಕೊಡುವಂತಿಲ್ಲ. ಅಂದರೆ ನೇಗಿಲು ಮುಟ್ಟದವನೂ ಈ ವ್ಯಾಖ್ಯೆಯ ಪ್ರಕಾರ ಸಾಗುವಳಿದಾರನೇ. ತೀರ್ಥಹಳ್ಳಿಯ ಕೋರ್ಟಿನಲ್ಲಿ ನಿಂತಿರುವ ವಕೀಲನ ಒಟ್ಟುಕುಟುಂಬದ ತಮ್ಮ ಊರಲ್ಲಿ ಆಳುಗಳ ಬೆನ್ನ ಹಿಂದೆ ನಿಂತಿದ್ದರೆ ಸಾಕು, ಆ ಗದ್ದೆ ವಕೀಲನ ಸ್ವಂತ ಸಾಗುವಳಿ. ಈ ವ್ಯಾಖ್ಯೆಯ ಬೆಲೆ ಎಷ್ಟು ಎಂಬುದು ಗೇಣಿದಾರನಿಗೆ 1965ರ ನಂತರ ತಿಳಿಯಿತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ಸೀಮೆಯಲ್ಲಿ ಭೂಮಿಯ ಲೆಕ್ಕ ಹೊಸದಲ್ಲ. 17ನೆಯ ಶತಮಾನದ ನಡುವೆ ಆಳಿದ ಕೆಳದಿಯ ಶಿವಪ್ಪನಾಯಕನ 'ಶಿಸ್ತು' ಹುಟ್ಟಿದ್ದು ಇಲ್ಲೇ, ಈಗ ಹೊಸನಗರ ತಾಲೂಕಿಗೆ ಸೇರಿದ ಬಿದನೂರು ನಗರವನ್ನು ರಾಜಧಾನಿ ಮಾಡಿಕೊಂಡ ರಾಜ್ಯದಲ್ಲಿ. ಒಂದೊಂದು ಬಗೆಯ ನೆಲದ ತುಂಡನ್ನು 12 ವರ್ಷ ಸರಕಾರದ ಖರ್ಚಿನಲ್ಲೇ ಸಾಗುವಳಿ ಮಾಡಿಸಿ, ಬೀಜ, ಖರ್ಚು, ಹುಟ್ಟುವಳಿ ಎಲ್ಲವನ್ನೂ ಬರೆಸಿಟ್ಟು, ಸರಾಸರಿ ತೆಗೆದು, ಮೂರರಲ್ಲೊಂದು ಪಾಲನ್ನು ಕಂದಾಯವೆಂದು ನಿಗದಿ ಮಾಡಿದನೆಂದು ಮೈಸೂರು ಗೆಜೆಟಿಯರು ಹೇಳುತ್ತದೆ. 1830-31ರಲ್ಲಿ ನಗರದ ರೈತರು ಕೂಟ ಕಟ್ಟಿ ಎದ್ದುನಿಂತಾಗಲೂ ತಕರಾರು ಕಂದಾಯದ್ದೇ. ಆ ದಂಗೆಯೇ ನೆಪವಾಗಿ ಮೈಸೂರಿನ ಆಡಳಿತ ಬ್ರಿಟಿಷರ ಕೈಗೆ ಹೋಯಿತು. ಆದರೆ ಶಿಸ್ತಿನಲ್ಲಿ ಕಾಣುವುದು ಸರಕಾರ ಮತ್ತು ಹಿಡುವಳಿದಾರ ಇಬ್ಬರೇ. ಹಿಡುವಳಿದಾರನ ಕೆಳಗೆ ಉಳುತ್ತಿದ್ದ ಮೂರನೆಯವನ ಲೆಕ್ಕ ಒಡೆಯನ ಕಣದಲ್ಲಿ, ಒಡೆಯನ ಕೊಳಗದಲ್ಲಿ ನಡೆಯುತ್ತಿತ್ತು.

ಕೊಳಗದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಸಾಗರ ತಾಲೂಕಿನ ಗೇಣಿದಾರರು 1951ರಲ್ಲಿ ನಡೆಸಿದ ಕಾಗೋಡು ಸತ್ಯಾಗ್ರಹವನ್ನು ಬಣ್ಣಿಸುವವರೆಲ್ಲ ಕೊಳಗದ ಮೋಸವನ್ನು ಹೇಳುತ್ತಾರೆ, ಆದರೆ ಅಳತೆಯ ಪಾತ್ರೆಯೊಂದು ಅಷ್ಟು ದೊಡ್ಡ ಜಗಳಕ್ಕೆ ಯಾಕೆ ಕಾರಣವಾಯಿತು ಎಂದು ಬಿಡಿಸಿ ಹೇಳುವವರು ಕಡಿಮೆ. ಕಾರಣ ಗೇಣಿಯ ಸ್ವರೂಪದಲ್ಲಿದೆ. ವಾರದ ಪದ್ಧತಿಯಲ್ಲಿ ಬೆಳೆ ಬಂದಷ್ಟನ್ನು ಕಣದಲ್ಲೇ ಪಾಲು ಮಾಡುತ್ತಾರೆ. ಪಾತ್ರೆ ದೊಡ್ಡದಿರಲಿ ಚಿಕ್ಕದಿರಲಿ, ಇಬ್ಬರ ಪಾಲನ್ನೂ ಅದರಲ್ಲೇ ಅಳೆಯುವುದರಿಂದ ಯಾರಿಗೂ ನಷ್ಟವಿಲ್ಲ. ಗೇಣಿ ಹಾಗಲ್ಲ. ಬೆಳೆ ಬಂದರೂ ಬಾರದಿದ್ದರೂ ಇಷ್ಟು ಖಂಡುಗ ಎಂದು ಮೊದಲೇ ಗೊತ್ತುಮಾಡಿದ್ದು. ಅಂಕಿ ಗೊತ್ತಾದ ಮೇಲೆ ಹೆಚ್ಚಿಸಲು ಉಳಿಯುವುದು ಪಾತ್ರೆಯೊಂದೇ. ಲೆಕ್ಕ ಹಾಕಿಯೇ ನೋಡೋಣ. ಗೇಣಿ ಹತ್ತು ಖಂಡುಗ ಎಂದುಕೊಳ್ಳಿ. ಖಂಡುಗಕ್ಕೆ 20 ಕೊಳಗದಂತೆ 200 ಕೊಳಗ. ಅಳೆಸಿಕೊಳ್ಳುವ ಕೊಳಗ ಸರಿಯಾದ ಕೊಳಗಕ್ಕಿಂತ ಅರ್ಧ ಸೇರು ದೊಡ್ಡದಾಗಿದ್ದರೆ ಗೇಣಿದಾರ ತನಗೇ ಅರಿವಿಲ್ಲದೆ 100 ಸೇರು ಭತ್ತ ಹೆಚ್ಚಿಗೆ ಅಳೆದಿರುತ್ತಾನೆ. ಮಾತಿನ ಕರಾರು ಒಂದು ಅಕ್ಷರವೂ ಬದಲಾಗಿರುವುದಿಲ್ಲ.

ಸಾಗರ ತಾಲೂಕಿನಲ್ಲಿ ಎಚ್. ಗಣಪತಿಯಪ್ಪನವರು ಗೇಣಿ ರೈತರ ಸಂಘ ಕಟ್ಟಿದಾಗ ಎದ್ದ ಬೇಡಿಕೆಗಳು ಎರಡು ಬಗೆಯವು. ಒಂದು, ಸರಿಯಾದ ಅಳತೆ. ಎರಡು, ಕೊಟ್ಟ ಗೇಣಿಗೆ ರಸೀದಿ. ಮೊದಲನೆಯದು ನ್ಯಾಯದ ಬೇಡಿಕೆ, ಎಲ್ಲರಿಗೂ ಅರ್ಥವಾಗುವಂಥದ್ದು. ಎರಡನೆಯದು ಪುರಾವೆಯ ಬೇಡಿಕೆ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಕ್ರಾಂತಿಕಾರಿ. ರಸೀದಿಯಿದ್ದರೆ ಗೇಣಿದಾರನೆಂಬುದಕ್ಕೆ ಕಾಗದವಿದೆ. ಕಾಗದವಿದ್ದರೆ ಮುಂದೊಂದು ದಿನ ಕಾನೂನು ಬಂದಾಗ ಅದರ ಬಾಗಿಲಲ್ಲಿ ನಿಲ್ಲಲು ಜಾಗವಿದೆ. ಓದುಬರಹವಿಲ್ಲದ ದೀವರ ಸಮುದಾಯದ ಗೇಣಿದಾರರು ವಕೀಲನಂತೆ ಯೋಚಿಸಿದ ಗಳಿಗೆ ಅದು. ಒಡೆಯರಿಗೂ ಅದು ತಿಳಿದಿರಲೇಬೇಕು, ಇಲ್ಲದಿದ್ದರೆ ಒಂದು ಚೀಟಿಗಾಗಿ ಅಷ್ಟು ಹಟ ಹಿಡಿಯುತ್ತಿರಲಿಲ್ಲ.

1951ರ ಏಪ್ರಿಲ್ 18ರಂದು ಕಾಗೋಡಿನ ರೈತರು ಗದ್ದೆಗಿಳಿದರು. ಸಮಾಜವಾದಿ ಪಕ್ಷ ಜೊತೆಗೆ ನಿಂತಿತು. ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ 1923ರಲ್ಲಿ ಹುಟ್ಟಿದ ಶಾಂತವೇರಿ ಗೋಪಾಲಗೌಡರು ನಾಯಕರಾದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಮೇಲೆ ಕಾಗೋಡಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಈ ಕಥೆಯನ್ನು ಜಿ. ರಾಜಶೇಖರ ಅವರ 'ಕಾಗೋಡು ಸತ್ಯಾಗ್ರಹ' ಚೆನ್ನಾಗಿ ಹೇಳಿರುವುದರಿಂದ ನಾನು ವಿಸ್ತರಿಸುವುದಿಲ್ಲ. ಒಂದು ಸಂಗತಿಯನ್ನು ಮಾತ್ರ ಎತ್ತಿ ತೋರಿಸುತ್ತೇನೆ. ಮರುವರ್ಷ, 1952ರಲ್ಲಿ, ಮೊದಲ ಮಹಾಚುನಾವಣೆ ನಡೆದಾಗ ಸಾಗರ-ಹೊಸನಗರದ ಮತದಾರರು ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. ಅದೇ ಚುನಾವಣೆಯಲ್ಲಿ ಕಾಗೋಡಿನ ಒಡೆಯರಾದ ಕೆ.ಜಿ. ಒಡೆಯರ್ ಅವರು ಕಾಂಗ್ರೆಸ್ಸಿನಿಂದ ಶಿವಮೊಗ್ಗದ ಲೋಕಸಭಾ ಸದಸ್ಯರಾದರು. ಗೇಣಿದಾರರ ಪರ ನಿಂತವರು ಬೆಂಗಳೂರಿಗೆ, ಗೇಣಿ ಪಡೆಯುತ್ತಿದ್ದವರು ದಿಲ್ಲಿಗೆ. ಮಲೆನಾಡು ಒಂದೇ ಮನಸ್ಸಿನಿಂದ ಎದ್ದಿತೆಂದು ಬರೆಯುವವರು ಈ ಫಲಿತಾಂಶವನ್ನು ಇನ್ನೊಮ್ಮೆ ನೋಡಬೇಕು.

ಕಾಗೋಡಿನಲ್ಲಿ ಬೀದಿಗೆ ಬಂದ ಪ್ರಶ್ನೆಯನ್ನು ಮಸೂದೆಯ ಭಾಷೆಗೆ ತಿರುಗಿಸಿದವರು ಇನ್ನೊಬ್ಬ ತೀರ್ಥಹಳ್ಳಿಯವರು, ಕಡಿದಾಳ್ ಮಂಜಪ್ಪ. ಈ ಟಿಪ್ಪಣಿಯ ನಡುಮನೆಯಲ್ಲಿ ಕೂರಬೇಕಾದವರು ಅವರೇ. ಹಳ್ಳಿಯ ಜಮೀನುಳ್ಳ ಒಕ್ಕಲಿಗ ಮನೆಯಲ್ಲಿ ಹುಟ್ಟಿ, ಕಾನೂನು ಓದಿ ವಕೀಲಿ ಹಿಡಿದು, ಸ್ವಾತಂತ್ರ್ಯ ಹೋರಾಟದ ದಾರಿಯಿಂದ ಕಾಂಗ್ರೆಸ್ಸಿಗೆ ಬಂದವರು. ಕೆಂಗಲ್ ಹನುಮಂತಯ್ಯನವರ ಸಂಪುಟದಲ್ಲಿ ಕಂದಾಯ ಮಂತ್ರಿ. ಮೈಸೂರು ಗೇಣಿ ಕಾಯ್ದೆ 1952ರದು. ವೈಯಕ್ತಿಕ ಮತ್ತು ಇತರ ಇನಾಮುಗಳ ರದ್ದತಿ ಕಾಯ್ದೆ 1954ರದು. ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದತಿ 1955ರದು. ಮೂರನ್ನೂ ಅವರ ಹೆಸರಿನಿಂದ ಬಿಡಿಸಲಾಗದು. ಹನುಮಂತಯ್ಯನವರು ಕೆಳಗಿಳಿದಾಗ 1956ರ ಆಗಸ್ಟ್ 19ರಂದು ಮುಖ್ಯಮಂತ್ರಿಯಾಗಿ, ಅಕ್ಟೋಬರ್ 31ರವರೆಗೆ ಆಳಿದರು. ನವೆಂಬರ್ 1ಕ್ಕೆ ವಿಶಾಲ ಮೈಸೂರು ಹುಟ್ಟಿತು, ನಿಜಲಿಂಗಪ್ಪನವರು ಬಂದರು. ಹಳೆಯ ಮೈಸೂರು ರಾಜ್ಯದ ಕೊನೆಯ ಮುಖ್ಯಮಂತ್ರಿ ಎಂಬ ಸಾಲಿನಲ್ಲೇ ಮಂಜಪ್ಪನವರನ್ನು ಮುಗಿಸಿಬಿಡುವುದು ನಮ್ಮ ಪಠ್ಯಗಳ ರೂಢಿ. ಅದು ಅನ್ಯಾಯ. ಅವರು ಕಾದಂಬರಿಕಾರರೂ ಹೌದು; 'ಪಂಜರವಳ್ಳಿಯ ಪಂಜು' ಅವರದು. ಆತ್ಮಕಥೆಗೆ ಅವರು ಇಟ್ಟ ಹೆಸರು 'ನನಸಾಗದ ಕನಸು'. ಮೂರು ಭೂ ಕಾಯ್ದೆಗಳ ಹಿಂದಿದ್ದ ಮನುಷ್ಯ ತನ್ನ ಬದುಕಿಗೆ ಕೊಟ್ಟ ಶೀರ್ಷಿಕೆ ಇದು ಎಂಬುದನ್ನು ಓದುಗರು ಗಮನಿಸಬೇಕು.

ಕನಸು ಎಲ್ಲಿ ಎಡವಿತು? ನನ್ನ ತೀರ್ಮಾನ ಇದು: ಐವತ್ತರ ದಶಕದ ಕಾಯ್ದೆಗಳು ಗೇಣಿದಾರನನ್ನು ಕಕ್ಷಿದಾರನೆಂದು ಕಂಡವು. ತನ್ನ ಹಕ್ಕನ್ನು ತಾನೇ ಬಂದು ಕೇಳುತ್ತಾನೆ, ಕಾಗದ ತೋರಿಸುತ್ತಾನೆ, ವಾದ ಮಾಡಿಸುತ್ತಾನೆ ಎಂದುಕೊಂಡವು. ವಕೀಲ ಹಾಗೆ ಯೋಚಿಸುವುದು ಸಹಜ. ಆದರೆ ಗೇಣಿದಾರನ ಕೈಯಲ್ಲಿ ರಸೀದಿಯಿಲ್ಲ. ಅವನು ಚಾಲಗೇಣಿಯವನು, ಒಡೆಯ ಬೇಡವೆಂದ ವರ್ಷ ಗದ್ದೆ ಬಿಡಬೇಕಾದವನು. ಒಡೆಯನ ಮೇಲೆ ದಾವೆ ಹೂಡಲು ಅವನು ಹೋಗಬೇಕಾದದ್ದು ಒಡೆಯನ ನೆಂಟನೋ ಗೆಳೆಯನೋ ಆದ ವಕೀಲನ ಬಳಿಗೆ.

1961ರ ಭೂಸುಧಾರಣಾ ಕಾಯ್ದೆ ಜಾರಿಯಾದದ್ದು 1965ರ ಅಕ್ಟೋಬರ್ 2ರಂದು. ಸ್ವಂತ ಸಾಗುವಳಿಗೆ ಬೇಕೆಂದರೆ ಒಡೆಯ ಗೇಣಿ ಜಮೀನನ್ನು ಹಿಂದಕ್ಕೆ ಪಡೆಯಬಹುದೆಂಬ ಅವಕಾಶ ಅದರಲ್ಲಿತ್ತು. ಮೇಲೆ ಹೇಳಿದ ವ್ಯಾಖ್ಯೆಯನ್ನು ಈ ಅವಕಾಶದ ಪಕ್ಕದಲ್ಲಿಟ್ಟು ಓದಿ. ಮೇಲ್ವಿಚಾರಣೆ ಮಾಡುವವನೂ ಸಾಗುವಳಿದಾರನೇ ಆದಾಗ ಗೇಣಿದಾರನನ್ನು ಬಿಡಿಸಿ ಅವನನ್ನೇ ಕೂಲಿಯಾಳಾಗಿ ಇಟ್ಟುಕೊಂಡರೆ ಕಾನೂನಿಗೆ ಏನೂ ತೊಂದರೆಯಿಲ್ಲ.

ಸಾಗರ, ಹೊಸನಗರಗಳ ಒಂದು ಭಾಗದಲ್ಲಿ ಕಾಯ್ದೆ ಬರುವ ಮೊದಲೇ ನೀರು ಬಂದಿತ್ತು. ಶರಾವತಿಗೆ ಹಿರೇಭಾಸ್ಕರದಲ್ಲಿ ಮೊದಲ ಅಣೆಕಟ್ಟು ಕಟ್ಟಿ, 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಗಿತ್ತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಎರಡು ತಾರೀಕುಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು: ಗದ್ದೆ ಮುಳುಗಿದ್ದು 1964, ಭೂಸುಧಾರಣಾ ಕಾಯ್ದೆ ಜಾರಿಯಾದದ್ದು 1965. ಹಿನ್ನೀರಿನಡಿ ಹೋದ ಊರುಗಳ ಗೇಣಿದಾರನಿಗೆ ಭೂಸುಧಾರಣೆಯ ಫಲ ಕೇಳಲು ಭೂಮಿಯೇ ಉಳಿದಿರಲಿಲ್ಲ. ಪರಿಹಾರದ ಕಡತವೂ ನೋಡುವುದು ಖಾತೆಯನ್ನು, ಬೆವರನ್ನಲ್ಲ. ಮುಳುಗಡೆಯ ಚರಿತ್ರೆ, ಗೇಣಿಯ ಚರಿತ್ರೆ ಇವೆರಡನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ ಬರೆಯುತ್ತ ಬಂದಿದ್ದೇವೆ. ಸಾಗರದ ಮಟ್ಟಿಗೆ ಅವು ಒಂದೇ ಚರಿತ್ರೆಯ ಎರಡು ಹಾಳೆಗಳು.

ಈಗ 48(8)ಕ್ಕೆ ಮರಳೋಣ. ದೇವರಾಜ ಅರಸರ ಸರಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಆ ದಿನ ಗೇಣಿಯಲ್ಲಿದ್ದ ಜಮೀನೆಲ್ಲ ಸರಕಾರಕ್ಕೆ ಸೇರಿತು. ಗೇಣಿದಾರ 7ನೆಯ ನಮೂನೆಯಲ್ಲಿ ಅರ್ಜಿ ಹಾಕಿದರೆ ನ್ಯಾಯಮಂಡಳಿ ವಿಚಾರಿಸಿ ಅಧಿಭೋಗದ ಹಕ್ಕು ಕೊಡಬೇಕು. ಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರಕಾರ ನೇಮಿಸಿದ ನಾಲ್ವರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ಸಿವಿಲ್ ಕೋರ್ಟಿಗೆ ಅಲ್ಲಿ ಪ್ರವೇಶವಿಲ್ಲ. ಅರ್ಜಿಯ ಗಡುವು ಮತ್ತೆ ಮತ್ತೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಐವತ್ತರ ದಶಕದ ಕಾಯ್ದೆಗಳಿಂದ ಕಲಿತ ಪಾಠವೇ ಈ ರಚನೆಯಲ್ಲಿದೆ. ಕಾಗದ ಇಲ್ಲದವನು ಮಾತಿನಲ್ಲಿ ಹೇಳಬಹುದು, ಪಕ್ಕದ ಗದ್ದೆಯವನು ಸಾಕ್ಷಿ ಹೇಳಬಹುದು, ಮಂಡಳಿ ಗದ್ದೆಯ ಬದುವಿಗೇ ಹೋಗಿ ನೋಡಬಹುದು. ಅಲ್ಲಿ ಒಡೆಯನ ಪರವಾಗಿ ಮಾತ್ರ ನುರಿತ ವಕೀಲ ನಿಂತರೆ ತಕ್ಕಡಿ ಮತ್ತೆ ಹಳೆಯ ಕಡೆಗೇ ವಾಲುತ್ತದೆ. ಆದ್ದರಿಂದ ಇಬ್ಬರಿಗೂ ಬೇಡ.

ಆಶಯ ಸರಿ. ಆದರೆ ವಕೀಲ ಹೋದರೂ ಕಾಗದ ಹೋಗಲಿಲ್ಲ. ಜಮೀನಿನ ಹಕ್ಕುದಾಖಲೆಯಾದ ಪಹಣಿಯ 9ನೆಯ ಕಾಲಂನಲ್ಲಿ ಒಡೆಯನ ಹೆಸರು, 12ನೆಯದರಲ್ಲಿ ಸಾಗುವಳಿದಾರನ ಹೆಸರು. ಭೂಕಂದಾಯ ಕಾಯ್ದೆಯ ಪ್ರಕಾರ ಪಹಣಿಯಲ್ಲಿರುವುದು ಸುಳ್ಳೆಂದು ತೋರಿಸುವವರೆಗೆ ನಿಜ. 12ನೆಯ ಕಾಲಂ ತುಂಬಿದವರು ಯಾರು? ಮೊದಲು ವಂಶಪಾರಂಪರ್ಯದ ಶಾನುಭೋಗ; ಅರವತ್ತರ ದಶಕದಲ್ಲಿ ಆ ಹುದ್ದೆ ರದ್ದಾದ ಮೇಲೆ ಸರಕಾರಿ ಗ್ರಾಮಲೆಕ್ಕಿಗ. ಗೇಣಿದಾರನ ಹೆಸರು ಆ ಕಾಲಂನಲ್ಲಿದ್ದರೆ ಅರ್ಧ ಗೆದ್ದಂತೆ. ಅಲ್ಲಿ 'ಸ್ವಂತ' ಎಂದಿದ್ದರೆ ಅದನ್ನು ಅಳಿಸಲು ಬೇಕಾದದ್ದು ಸಾಕ್ಷಿ, ಧೈರ್ಯ ಎರಡೂ. ವಾದ ಮಾಡುವ ವಕೀಲನನ್ನು ಹೊರಗಿಟ್ಟ ಮೇಲೂ ಅರ್ಜಿ ಬರೆದುಕೊಡುವವರು, ಪಹಣಿ ತೆಗೆಸಿಕೊಡುವವರು, ಸಾಕ್ಷಿಗೆ ಹೇಳಿಕೊಡುವವರು ಬೇಕೇ ಬೇಕು. ನಾನು ಓಡಾಡಿದ ಹಳ್ಳಿಗಳ ಹಿರಿಯರು ಆ ಕಾಲವನ್ನು ನೆನೆಯುವಾಗ ಮಂಡಳಿಯ ಆದೇಶಕ್ಕಿಂತ ಹೆಚ್ಚಾಗಿ ಅರ್ಜಿ ಬರೆದುಕೊಟ್ಟವರನ್ನೇ ನೆನೆಯುತ್ತಾರೆ.

1987ರಲ್ಲಿ ಎಚ್.ಎಸ್. ಶ್ರೀನಿವಾಸ ರಾಘವಾಚಾರ್ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಭೂಸುಧಾರಣೆಯ ಉಳಿದ ಭಾಗವನ್ನು ಎತ್ತಿಹಿಡಿದು, 48(8)ನ್ನು ಮಾತ್ರ ತೆಗೆದುಹಾಕಿತು. ವಕೀಲಿ ಮಾಡುವ ಹಕ್ಕು ಕೇಂದ್ರದ ಕಾನೂನಿಗೆ ಸೇರಿದ್ದು, ಅದನ್ನು ರಾಜ್ಯದ ಶಾಸನಸಭೆ ಕಿತ್ತುಕೊಳ್ಳಲಾಗದು ಎಂಬುದು ಕಾರಣ. ಗಡುವು ಮುಗಿದು ಆಗಲೇ ಎಂಟು ವರ್ಷವಾಗಿತ್ತು. ಇನ್ನೂ ಮುಗಿಯದೆ ಉಳಿದಿದ್ದ ಪ್ರಕರಣಗಳಲ್ಲಿ ಮಾತ್ರ ಕರಿಕೋಟು ಮಂಡಳಿಯೊಳಗೆ ಕಾಲಿಟ್ಟಿತು. ತಡವಾಗಿ ಸಿಕ್ಕ ಈ ಹಕ್ಕಿನಿಂದ ಹೆಚ್ಚು ಲಾಭವಾದದ್ದು ವರ್ಷಗಟ್ಟಲೆ ಕೋರ್ಟು ಅಲೆಯುವ ಶಕ್ತಿಯಿದ್ದವರಿಗೆ ಎಂದೇ ನಾನು ತಿಳಿದಿದ್ದೇನೆ.

ಮಂಜಪ್ಪನವರ ಎದುರು ದಂಡೆಯಲ್ಲಿ ನಿಲ್ಲಿಸಿ ನೋಡಬೇಕಾದವರು ಕಾಗೋಡು ತಿಮ್ಮಪ್ಪ. ಅವರೂ ಹಳ್ಳಿಯವರು, ಅವರೂ ಕಾನೂನು ಓದಿದವರು. ಆದರೆ ಹುಟ್ಟಿದ್ದು ಸತ್ಯಾಗ್ರಹದ ಊರಲ್ಲೇ, ಗೇಣಿದಾರರ ಸಮುದಾಯದಲ್ಲಿ. ಸಮಾಜವಾದಿಯಾಗಿ ಬೆಳೆದು, ಮುಂದೆ ಕಾಂಗ್ರೆಸ್ಸಿನಲ್ಲಿ ಸಾಗರವನ್ನು ಹಲವು ಸಲ ಪ್ರತಿನಿಧಿಸಿ, 2013ರಿಂದ ವಿಧಾನಸಭೆಯ ಅಧ್ಯಕ್ಷರಾಗಿದ್ದು, 2016ರಿಂದ 2018ರವರೆಗೆ ಕಂದಾಯ ಮಂತ್ರಿಯಾದರು. 'ಉಳುವವನೇ ಹೊಲದೊಡೆಯ' ಎಂಬ ಹಳೆಯ ಘೋಷಣೆಯ ಜೊತೆಗೆ 'ವಾಸಿಸುವವನೇ ಮನೆಯೊಡೆಯ' ಎಂಬುದು ಬಂದದ್ದು ಅವರ ಕಾಲದಲ್ಲಿ. ತಾಂಡಾ, ಹಾಡಿ, ಹಟ್ಟಿಗಳಲ್ಲಿ ಹಿಂದಿನಿಂದ ವಾಸವಾಗಿದ್ದವರಿಗೆ ಮನೆಯ ಹಕ್ಕು ಕೊಡುವ 38-ಎ ಕಲಮು ಭೂಸುಧಾರಣಾ ಕಾಯ್ದೆಗೆ ಸೇರಿತು. ಬಗರ್‌ಹುಕುಂ, ಅಂದರೆ ಸರಕಾರಿ ಜಮೀನಿನಲ್ಲಿ ಅನುಮತಿಯಿಲ್ಲದೆ ಮಾಡಿದ ಸಾಗುವಳಿಯನ್ನು ಸಕ್ರಮಗೊಳಿಸಲು ಹಿಂದೆ 50, 53 ಎಂಬ ನಮೂನೆಗಳಿದ್ದವು. 57ನೆಯದು 2018ರಲ್ಲಿ ಬಂತು. ಅರವತ್ತು ವರ್ಷಗಳ ಅಂತರದಲ್ಲಿ ಈ ಸೀಮೆಯ ಇಬ್ಬರು ವಕೀಲರು ಒಂದೇ ಖಾತೆಯ ಕುರ್ಚಿಯಲ್ಲಿ ಕೂತರು. ಒಬ್ಬರು ಗೇಣಿಗೆ ಕಟ್ಟಳೆ ಹಾಕಲು ಹೊರಟವರು, ಇನ್ನೊಬ್ಬರು ಗೇಣಿಯ ಲೆಕ್ಕದೊಳಗೆ ಬಾರದೆ ಉಳಿದವರನ್ನು ಲೆಕ್ಕಕ್ಕೆ ತರಲು ಹೊರಟವರು.

ಲೆಕ್ಕಕ್ಕೆ ಬಾರದೆ ಉಳಿದ ಇನ್ನೊಂದು ಪಕ್ಷವಿದೆ: ದನ. ಇಲ್ಲಿ ದನ ಸಾಕುವುದು ಹಾಲಿಗಿಂತ ಹೆಚ್ಚಾಗಿ ಗೊಬ್ಬರಕ್ಕೆ. ಮಲೆನಾಡು ಗಿಡ್ಡ ಕುಳ್ಳ ತಳಿ, ಕೊಡುವ ಹಾಲು ಕಡಿಮೆ, ಆದರೆ ಗುಡ್ಡ ಹತ್ತಿ ಮೇಯುತ್ತದೆ, ಮಳೆಗೆ ಜಗ್ಗುವುದಿಲ್ಲ. ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಮೇದು ಸಂಜೆ ಕೊಟ್ಟಿಗೆಗೆ ಬರುತ್ತದೆ. ಕೊಟ್ಟಿಗೆಗೆ ಹಾಸಲು ಬೆಟ್ಟದ ಸೊಪ್ಪು, ದರಕು ಎಂಬ ಒಣಎಲೆ. ಸೊಪ್ಪು ಸಗಣಿ ಬೆರೆತು ಗೊಬ್ಬರವಾಗಿ ಅಡಿಕೆ ಮರದ ಬುಡಕ್ಕೆ. ಬೆಟ್ಟ, ಕೊಟ್ಟಿಗೆ, ತೋಟ ಇವು ಒಂದೇ ಸರಪಳಿ. ಒಂದು ಕೊಂಡಿ ಕಳಚಿದರೆ ಉಳಿದೆರಡು ನಿಲ್ಲುವುದಿಲ್ಲ.

ಕಾನೂನು ಮಾತ್ರ ಈ ಸರಪಳಿಯನ್ನು ಮೂರು ತುಂಡು ಮಾಡಿ ಮೂರು ಕಡೆ ಇಟ್ಟಿತು. ಗದ್ದೆ ತೋಟಗಳು ಭೂಸುಧಾರಣಾ ಕಾಯ್ದೆಯೊಳಗೆ. ಕಾನು ಎಂಬ ಕಾಡು ಮತ್ತು ಸೊಪ್ಪು ಕಡಿಯುವ ಸೊಪ್ಪಿನಬೆಟ್ಟ 1964ರ ಭೂಕಂದಾಯ ಕಾಯ್ದೆಯ 79ನೆಯ ಕಲಮಿನೊಳಗೆ. ಅಲ್ಲಿ ಅವು ಹಕ್ಕಲ್ಲ, ಹಿಂದಿನಿಂದ ಅನುಭವಿಸುತ್ತ ಬಂದ 'ಸೌಲಭ್ಯ'. ಊರ ದನ ಮೇಯುವ ಗೋಮಾಳವೋ ಕಂದಾಯ ನಿಯಮಗಳ 97ನೆಯದರಲ್ಲಿ. 100 ದನಗಳಿಗೆ 12 ಹೆಕ್ಟೇರು ಎಂಬ ಲೆಕ್ಕ. ಹೀಗಾಗಿ 7ನೆಯ ನಮೂನೆ ಹಾಕಿ ಗೆದ್ದ ಗೇಣಿದಾರನಿಗೆ ಗದ್ದೆ ಬಂತು, ಗದ್ದೆಗೆ ಗೊಬ್ಬರ ಕೊಡುವ ಬೆಟ್ಟ ಬರಲಿಲ್ಲ. ಬೆಟ್ಟದ ಸೌಲಭ್ಯ ತೋಟದ ಹಳೆಯ ಖಾತೆದಾರನ ಬಳಿಯೇ ಉಳಿದ ಕಡೆ ಸೊಪ್ಪಿನ ಹೊರೆಗಾಗಿ ಅದೇ ಒಡೆಯನ ಮುಖ ನೋಡಬೇಕಾಯಿತು. ಒಡೆಯನ ಮುಖ ನೋಡಲು ಮನಸ್ಸಿಲ್ಲದವನು ಕಾಡಿನಂಚಿಗೆ ಸರಿದು ಒತ್ತುವರಿದಾರನೆನಿಸಿಕೊಂಡ. ಬಗರ್‌ಹುಕುಂ ಅರ್ಜಿಗಳ ರಾಶಿಯನ್ನು ಬರೀ ಭೂದಾಹ ಎಂದು ಓದುವವರೊಂದಿಗೆ ನನಗೆ ಒಮ್ಮತವಿಲ್ಲ. ಅದರಲ್ಲಿ ದಾಹವೂ ಇದೆ, ನಿಜ. ಆದರೆ ಅದರೊಳಗೆ 1974ರ ಕಾಯ್ದೆ ಅಳೆಯಲು ಮರೆತ ಬೆಟ್ಟವೂ ಇದೆ.

ಕಾಡಿನಂಚಿಗೆ ಹೋದವನನ್ನು ಕೊನೆಗೆ ಎದುರುಗೊಂಡದ್ದು 2006ರ ಅರಣ್ಯಹಕ್ಕು ಕಾಯ್ದೆ. ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದಕ್ಕೆ ಪುರಾವೆ ಕೊಡಬೇಕು ಎನ್ನುತ್ತದೆ ಅದು. 1930ರ ಕಾಗದ ಎಲ್ಲಿಂದ ಬರಬೇಕು? ಗೇಣಿಗೆ ರಸೀದಿ ಕೊಡಿ ಎಂದು ಜೈಲಿಗೆ ಹೋದವರ ಮೊಮ್ಮಕ್ಕಳ ಬಳಿ ಕಾನೂನು ಮತ್ತೆ ಕಾಗದವನ್ನೇ ಕೇಳುತ್ತಿದೆ.

ಆ ಕಾಗದ ಇರುವುದಾದರೆ ಅದು ಸರಕಾರಿ ಕಡತಕೋಣೆಗಿಂತ ಹೆಚ್ಚಾಗಿ ಮನೆಗಳಲ್ಲಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹಳೆಯ ವಕೀಲರ ಮನೆಗಳ ಅಟ್ಟದ ಮೇಲೆ, ಕೆಂಪು ದಾರ ಕಟ್ಟಿದ ಕಟ್ಟುಗಳಲ್ಲಿ, ಗೇಣಿ ಚೀಟಿ, ಚಕ್ಬಂದಿ, 7ನೆಯ ನಮೂನೆಯ ನಕಲು, ಮಂಡಳಿಯ ಆದೇಶ, ಕಕ್ಷಿದಾರನ ಹೆಬ್ಬೆಟ್ಟಿನ ಗುರುತು ಎಲ್ಲ ಒಟ್ಟಿಗಿವೆ. ಮಗ ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ, ಮನೆಗೆ ಹೊಸ ಸಿಮೆಂಟಿನ ಚಾವಣಿ ಬರುವಾಗ ಮೊದಲು ಕೆಳಗಿಳಿಯುವುದು ಇವೇ. ಅಂಥ ಕಟ್ಟು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಗೆದ್ಲು ಹತ್ತುವ ಮೊದಲು ಒಂದೊಂದೇ ಹಾಳೆಯ ಫೋಟೊ ತೆಗೆದಿಡಿ, ಅದರಲ್ಲಿ ಹೆಸರಿರುವ ಗೇಣಿದಾರನ ಮನೆ ಇನ್ನೂ ಊರಲ್ಲಿದ್ದರೆ ಅವರಿಗೊಂದು ಪ್ರತಿ ಕೊಡಿ.